ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ಅದಕ್ಕೇ ‘ಕಿಲೋ’ ಬಿಡಬೇಡಿ

ಶಾಲೆಯ ಪುಸ್ತಕ ಬರೆಯುವವರಿಗೆ, ಪತ್ರಿಕೆಗಳ ಆರೋಗ್ಯ ಪುಟ ನೋಡಿಕೊಳ್ಳುವವರಿಗೆ, ಆಸ್ಪತ್ರೆಗಳಲ್ಲಿ ಡಯಟ್ ಚಾರ್ಟ್ ಬರೆದು ಕೊಡುವವರಿಗೆ, ತಿನ್ನುವ ಪದಾರ್ಥದ ಪ್ಯಾಕೆಟ್ ಮೇಲೆ ಕನ್ನಡ ಅಚ್ಚು ಹಾಕಿಸುವವರಿಗೆ,

ಎಲ್ಲರಿಗೂ ನಮಸ್ಕಾರ.

ನಾನು ಮಂಡ್ಯದವಳು. ಇಲ್ಲೇ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ನಿಮಗೆಲ್ಲ ಸೇರಿಸಿ ಒಂದೇ ಪತ್ರ ಬರೆಯೋಕೆ ಕಾರಣ ಇದೆ. ನೀವು ನಾಲ್ಕೂ ಜನ ಒಂದೇ ಪದ ಬಳಸುತ್ತೀರಿ. ಆದರೆ ಒಬ್ಬೊಬ್ಬರ ಬರಹದಲ್ಲಿ ಅದರ ಅರ್ಥ ಬೇರೆ. ವ್ಯತ್ಯಾಸ ಒಂದೆರಡು ಪಟ್ಟಲ್ಲ, ಪೂರ್ತಿ ಸಾವಿರ ಪಟ್ಟು. ಆ ಪದ ‘ಕ್ಯಾಲೊರಿ’.

ಈ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ನಡೆದಿದ್ದನ್ನು ಮೊದಲು ಹೇಳುತ್ತೇನೆ.

ನಮ್ಮವ್ವನಿಗೆ ಅರವತ್ತೆಂಟು ವರ್ಷ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಮಾರ್ಚ್‌ನಲ್ಲಿ ಚೆಕಪ್‌ಗೆ ಹೋದಾಗ ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಟ್ಟರು. ಅಚ್ಚುಕಟ್ಟಾದ ಕನ್ನಡದಲ್ಲಿತ್ತು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ದಿನಕ್ಕೆ 1500 ಕ್ಯಾಲೊರಿ’ ಅಂತ ಇತ್ತು. ಕೆಳಗೆ ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು. ಅವ್ವ ಅದನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಂಡರು. ನಾಲ್ಕನೇ ಕ್ಲಾಸು ಓದಿದವರು, ನಿಧಾನಕ್ಕೆ ಕೂಡಿಸಿಕೊಂಡು ಓದುತ್ತಾರೆ. ವೈದ್ಯರು ಹೇಳಿದ್ದನ್ನು ಒಂದು ಚೂರೂ ತಪ್ಪಿಸುವವರಲ್ಲ.

ನಮ್ಮ ಮನೆಯಲ್ಲಿ ರಾಗಿ ಬೀಸಿಸೋದು ಮಿಲ್‌ನಲ್ಲೇ. ಆ ತಿಂಗಳು ಪುರುಸೊತ್ತಾಗಲಿಲ್ಲ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋಕೆ ನಾನು ದಿನಾ ಮೈಸೂರಿಗೆ ಹೋಗಿ ಬರುತ್ತಿದ್ದೆ. ಅಂಗಡಿಯಿಂದ ಹಿಟ್ಟಿನ ಪ್ಯಾಕೆಟ್ ತಂದಿಟ್ಟೆ. ಒಂಬತ್ತನೇ ಕ್ಲಾಸಿಗೆ ಹೋಗಲಿರುವ ನನ್ನ ಮಗ ರಜೆಯಲ್ಲಿ ಮನೆಯಲ್ಲೇ ಇದ್ದ. ಅಜ್ಜಿ ಅವನ ಕೈಗೆ ಪ್ಯಾಕೆಟ್ ಕೊಟ್ಟು, “ನೋಡ್ಲಾ ಮಗ, ಇದ್ರಲ್ಲಿ ಎಷ್ಟ್ ಕ್ಯಾಲೊರಿ ಅಂತ ಬರ್ದವ್ರೆ?” ಅಂತ ಕೇಳಿದ್ದಾರೆ. ಹಿಂಬದಿ ಇಂಗ್ಲಿಷ್ ಅಕ್ಷರದಲ್ಲಿ, 100 ಗ್ರಾಂಗೆ 330 ‘ಕೆಕ್ಯಾಲ್’ ಅಂತ ಇತ್ತು.

ಅವನು ಸರಿಯಾಗೇ ಓದಿದ. ಕೆ ಅಂದ್ರೆ ಕಿಲೋ, ಕಿಲೋ ಅಂದ್ರೆ ಸಾವಿರ. “ಮೂರು ಲಕ್ಷದ ಮೂವತ್ತು ಸಾವಿರ ಕ್ಯಾಲೊರಿ ಅಜ್ಜಿ” ಅಂದ.

“ಲಕ್ಷನಾ?” ಅಂದರಂತೆ ಅವ್ವ. ಅವರಿಗೆ ಹೇಳಿದ್ದು ಸಾವಿರದ ಐನೂರು. ರಾಗಿಯಲ್ಲಿ ಇರೋದು ಲಕ್ಷ. ಅವತ್ತು ರಾತ್ರಿಯಿಂದಲೇ ಮುದ್ದೆ ಅರ್ಧ ಆಯಿತು. ಎರಡು ದಿನ ಆದಮೇಲೆ ಮುದ್ದೆ ಹೋಗಿ ಬರೀ ಉಪ್ಸಾರು, ಸೊಪ್ಪು, ಮಜ್ಜಿಗೆ ಉಳಿಯಿತು. ಮಾತ್ರೆ ಮಾತ್ರ ಹೊತ್ತುಹೊತ್ತಿಗೆ ತಪ್ಪದೆ ನುಂಗುತ್ತಿದ್ದರು. ನಾನು ಮನೆ ಸೇರುವ ಹೊತ್ತಿಗೆ ಅವರ ಊಟ ಮುಗಿದಿರುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ.

ಐದನೇ ರಾತ್ರಿ ಒಂದೂವರೆ ಗಂಟೆಗೆ ಮಗ ಬಂದು ಎಬ್ಬಿಸಿದ. ಅವ್ವನ ರವಿಕೆ ಬೆವರಿನಲ್ಲಿ ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. ಮಾತು ತೊದಲುತ್ತಿತ್ತು. ಊಟ ಬಿಟ್ಟು ಮಾತ್ರೆ ನುಂಗಿದ್ದರಿಂದ ರಕ್ತದ ಸಕ್ಕರೆ ಇಳಿದುಹೋಗಿತ್ತು, ಗ್ಲುಕೋಮೀಟರ್ 56 ತೋರಿಸಿತು. 70ಕ್ಕಿಂತ ಕೆಳಗೆ ಇಳಿದರೆ ಅಪಾಯ ಅನ್ನೋದು ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿ ನೀರು ಕುಡಿಸಿದೆ. ಹತ್ತು ಹದಿನೈದು ನಿಮಿಷಕ್ಕೆ ಕಣ್ಣು ಬಿಟ್ಟು ಸರಿಯಾಗಿ ನೋಡಿದರು. ಮೊದಲು ಅಂದಿದ್ದು, “ಸಕ್ಕರೆ ಹಾಕ್‌ಬುಟ್ಯಾ? ಅದ್ರಲ್ಲಿ ಎಷ್ಟಿರ್ತದೋ” ಅಂತ.

ಆ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಬೆಳಿಗ್ಗೆ ಮಗನನ್ನು ಕೂರಿಸಿಕೊಂಡು ಕೇಳಿದೆ. ಅಳುತ್ತಲೇ ನೋಟ್‌ಬುಕ್ ತಂದು ತೋರಿಸಿದ. ‘ಒಂದು ಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖವೇ ಒಂದು ಕ್ಯಾಲೊರಿ.’ ನನ್ನ ಕ್ಲಾಸಿನ ಮಕ್ಕಳಿಗೂ ನಾನು ಇದೇ ಸಾಲನ್ನು ಬರೆಸುತ್ತಾ ಬಂದಿದ್ದೇನೆ. ಹುಡುಗನ ಲೆಕ್ಕದಲ್ಲಿ ಒಂದು ಸೊನ್ನೆಯೂ ತಪ್ಪಿರಲಿಲ್ಲ. ನೋಟ್ಸ್ ಸರಿ. ಪ್ಯಾಕೆಟ್ ಸರಿ. ಗೋಡೆ ಮೇಲಿನ ಹಾಳೆಯಲ್ಲಿ ಮಾತ್ರ ‘ಕಿಲೋ’ ಅನ್ನೋ ಎರಡಕ್ಷರ ಇರಲಿಲ್ಲ. ಅದಕ್ಕೆ ಬರೆದವರನ್ನಾದರೂ ಹೇಗೆ ಬೈಯಲಿ? ಲೋಕವೆಲ್ಲ ಹಾಗೇ ಬರೆಯುತ್ತದೆ. ಪೇಪರಿನ ಆರೋಗ್ಯ ಪುಟದಲ್ಲಿ, ಟೀವಿಯಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಬರೀ ‘ಕ್ಯಾಲೊರಿ’.

ನಿಜವಾದ ವಿಷಯ ಇಷ್ಟು. ಊಟದ ವಿಚಾರದಲ್ಲಿ ಜನ ಕ್ಯಾಲೊರಿ ಅಂದಾಗ ಅದು ಕಿಲೋಕ್ಯಾಲೊರಿ. ಒಂದು ಗ್ರಾಂ ನೀರಲ್ಲ, ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖ. ಅವ್ವನಿಗೆ ಬೇಕಿದ್ದಿದ್ದು 1500 ಕಿಲೋಕ್ಯಾಲೊರಿ. ಹಿಟ್ಟಿನಲ್ಲಿ ಇದ್ದಿದ್ದು 100 ಗ್ರಾಂಗೆ 330 ಕಿಲೋಕ್ಯಾಲೊರಿ. 80 ಗ್ರಾಂ ಹಿಟ್ಟು ಹಾಕಿ ತಿರುವಿದ ಮುದ್ದೆ ಸುಮಾರು 260. ಅವರು ಎರಡು ಹೊತ್ತು ಧಾರಾಳವಾಗಿ ಉಣ್ಣಬಹುದಿತ್ತು.

ಶಾಲೆ ಶುರುವಾದ ಮೇಲೆ ಇದನ್ನು ಮಕ್ಕಳಿಗೆ ಬಾಯಲ್ಲಿ ಹೇಳಿ ಬಿಡೋಕೆ ಮನಸ್ಸು ಬರಲಿಲ್ಲ. ಮಾಡಿ ತೋರಿಸಿದೆ. ಯಾವ ಶಾಲೆಯಲ್ಲಾದರೂ ಮಾಡಬಹುದು, ಮೇಷ್ಟ್ರು ಪಕ್ಕದಲ್ಲಿ ಇದ್ದರೆ ಸಾಕು.

ಒಂದು ಕಡ್ಲೆಕಾಯಿ ಬೀಜ ತಗೊಂಡೆ. ತೂಕ ಅರ್ಧ ಗ್ರಾಂ. ಗುಂಡುಪಿನ್ನಿಗೆ ಚುಚ್ಚಿ, ಪಿನ್ನನ್ನು ಒಂದು ಬಿರಡೆಗೆ ಸಿಕ್ಕಿಸಿ ಮೇಜಿನ ಮೇಲೆ ನಿಲ್ಲಿಸಿದೆ. ಪ್ರನಾಳದಲ್ಲಿ, ಅಂದರೆ ಟೆಸ್ಟ್ ಟ್ಯೂಬಿನಲ್ಲಿ, 20 ಮಿಲಿಲೀಟರ್ ನೀರು, ಅದರೊಳಗೆ ಥರ್ಮಾಮೀಟರ್. ನೀರು 27 ಡಿಗ್ರಿ ಇತ್ತು. ಗಾಳಿಗೆ ಆರಿಹೋಗಬಾರದು ಅಂತ ಕಿಟಕಿ ಮುಚ್ಚಿಸಿದೆ. ಸ್ಪಿರಿಟ್ ದೀಪದಲ್ಲಿ ಬೀಜಕ್ಕೆ ಬೆಂಕಿ ಹಚ್ಚಿ, ಪ್ರನಾಳವನ್ನು ಅದರ ಮೇಲೆ ಹಿಡಿದೆ. ಬೀಜ ಮೊದಲು ಚಟಪಟ ಅಂತು, ಆಮೇಲೆ ಎಣ್ಣೆ ದೀಪದ ಥರ ಒಂದೇ ಸಮ ಉರಿಯಿತು. ಕ್ಲಾಸೆಲ್ಲ ಕಡ್ಲೆಕಾಯಿ ಹುರಿದ ವಾಸನೆ. ಪ್ರನಾಳದ ತಳಕ್ಕೆ ಕಪ್ಪು ಮಸಿ ಹತ್ತಿತು. ಪಾದರಸ ಏರುತ್ತಾ ಏರುತ್ತಾ 65ಕ್ಕೆ ಹೋಗಿ ನಿಂತಿತು. ಅಷ್ಟು ಹೊತ್ತಿಗೆ ಬೀಜ ಇದ್ದಿಲಾಗಿತ್ತು.

ಲೆಕ್ಕ ಮಕ್ಕಳೇ ಮಾಡಿದರು. 20 ಮಿಲಿಲೀಟರ್ ಅಂದರೆ 20 ಗ್ರಾಂ ನೀರು, 38 ಡಿಗ್ರಿ ಏರಿಕೆ. ನೀರಿಗೆ ಸೇರಿದ್ದು 760 ಕ್ಯಾಲೊರಿ. ಅರ್ಧ ಗ್ರಾಂ ಬೀಜದಿಂದ!

ಆಮೇಲೆ ಪೇಪರಿನಲ್ಲಿ ಬರೋ ಥರದ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆದೆ. ‘100 ಗ್ರಾಂ ಕಡ್ಲೆಕಾಯಿ ಬೀಜದಲ್ಲಿ ಸುಮಾರು 560 ಕ್ಯಾಲೊರಿ ಇರುತ್ತದೆ.’ ಹಾಗಾದರೆ ಅರ್ಧ ಗ್ರಾಂನಲ್ಲಿ ಎಷ್ಟಿರಬೇಕು? 2.8. ಅಷ್ಟು ಶಾಖ ಪೂರ್ತಿ ಸೇರಿದರೂ ಆ ನೀರು 0.14 ಡಿಗ್ರಿ ಏರಬೇಕಿತ್ತು. ನಮ್ಮ ಥರ್ಮಾಮೀಟರಿನಲ್ಲಿ ಗೆರೆ ಇರೋದು ಒಂದೊಂದು ಡಿಗ್ರಿಗೆ. ಪಾದರಸ ಅಲ್ಲಾಡಿದ್ದೂ ಕಾಣುತ್ತಿರಲಿಲ್ಲ. ಕಣ್ಣೆದುರು 38 ಡಿಗ್ರಿ ಏರಿದೆ. ‘ಕ್ಯಾಲೊರಿ’ ತೆಗೆದು ‘ಕಿಲೋಕ್ಯಾಲೊರಿ’ ಅಂತ ತಿದ್ದಿದೆ. ಈಗ ಅರ್ಧ ಗ್ರಾಂ ಬೀಜದಲ್ಲಿ 2,800 ಕ್ಯಾಲೊರಿ. ಅದರಲ್ಲಿ 760 ನೀರಿಗೆ ಸೇರಿದೆ, ಉಳಿದಿದ್ದು ಗಾಳಿಗೆ, ಗಾಜಿಗೆ, ಮಸಿಗೆ ಹೋಗಿದೆ, ಸುಡದೆ ಉಳಿದ ಇದ್ದಿಲಿನಲ್ಲೂ ಇದೆ. ಲೆಕ್ಕ ಕೂತಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ಹಾಗಾದ್ರೆ ಪೇಪರ್‌ನವರು ತಪ್ಪು ಬರೀತಾರಾ?” ಅಂತ ಕೇಳಿದಳು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡೋಕೆ ನಾನು ಸ್ವಲ್ಪ ಓದಬೇಕಾಯಿತು.

ಓದಿದಾಗ ಗೊತ್ತಾಗಿದ್ದು, ಈ ಗೊಂದಲಕ್ಕೆ ಹತ್ತಿರ ಹತ್ತಿರ ಇನ್ನೂರು ವರ್ಷದ ವಯಸ್ಸು. ಕ್ಯಾಲೊರಿ ಪದ ಬಂದಿದ್ದು ‘ಕ್ಯಾಲರ್’ ಅನ್ನೋ ಲ್ಯಾಟಿನ್ ಮಾತಿನಿಂದ. ಶಾಖ ಅಂತ ಅರ್ಥ. ಪ್ಯಾರಿಸ್ಸಿನಲ್ಲಿ ನಿಕೊಲಾ ಕ್ಲೆಮೆಂ ಅನ್ನುವವರು 1819ರಿಂದ 1824ರ ನಡುವೆ ಶಾಖದಿಂದ ನಡೆಯುವ ಯಂತ್ರಗಳ ಬಗ್ಗೆ ಪಾಠ ಮಾಡುತ್ತಿದ್ದರು. ಆಗ ಅವರು ಹೇಳಿದ ಕ್ಯಾಲೊರಿ ಒಂದು ಕಿಲೋ ನೀರಿನದು. ಅಂದರೆ ಮೊದಲು ಹುಟ್ಟಿದ್ದು ದೊಡ್ಡದು. ಆಮೇಲೆ 1852ರ ಹೊತ್ತಿಗೆ ಫಾವ್ರ್ ಮತ್ತು ಸಿಲ್ಬರ್‌ಮನ್ ಎಂಬ ಇಬ್ಬರು ಒಂದು ಗ್ರಾಂ ನೀರಿನ ಲೆಕ್ಕದಲ್ಲಿ ಅದೇ ಪದ ಬಳಸಿದರು. ಪ್ರಯೋಗಾಲಯದ ಸಣ್ಣ ಸಣ್ಣ ಅಳತೆಗೆ ಅದೇ ಅನುಕೂಲ. ಒಂದೇ ಹೆಸರಿನ ಇಬ್ಬರು ಒಂದೇ ಮನೆಯಲ್ಲಿ ಇದ್ದಂತಾಯಿತು. ಯಾರನ್ನು ಕರೆದರೂ ಇಬ್ಬರೂ ಓಗೊಡುತ್ತಾರೆ.

1879ರಲ್ಲಿ ಮಾರ್ಸೆಲಿನ್ ಬೆರ್ತೆಲೊ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ಇದನ್ನು ಬಗೆಹರಿಸೋಕೆ ನೋಡಿದರು. ದೊಡ್ಡ ಕ್ಯಾಲೊರಿಯ ಮೊದಲ ಅಕ್ಷರ ದೊಡ್ಡ ‘ಸಿ’ ಇರಲಿ, ಚಿಕ್ಕದರದು ಚಿಕ್ಕ ‘ಸಿ’ ಇರಲಿ ಅಂದರು. 1887ರಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ಊಟದ ಶಕ್ತಿಯ ಬಗ್ಗೆ ಜನಸಾಮಾನ್ಯರಿಗೆ ಬರೆಯುವಾಗ ದೊಡ್ಡ ಕ್ಯಾಲೊರಿಯನ್ನೇ ಹಿಡಿದರು. ಹಿಟ್ಟು, ಸಕ್ಕರೆಯಂಶಕ್ಕೆ ಗ್ರಾಂಗೆ 4 ಕಿಲೋಕ್ಯಾಲೊರಿ, ಪ್ರೋಟೀನಿಗೆ 4, ಕೊಬ್ಬಿಗೆ 9 ಅನ್ನೋ ಲೆಕ್ಕ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ನಮ್ಮ ಪ್ಯಾಕೆಟ್‌ಗಳ ಮೇಲಿನ ಅಂಕಿಗಳೂ ಬಹಳಷ್ಟು ಈ ಗುಣಾಕಾರದಿಂದಲೇ ಬರುತ್ತವೆ. ಒಂದು ಚಮಚ ಸಕ್ಕರೆ 5 ಗ್ರಾಂ, ನಾಲ್ಕೈದಲ ಇಪ್ಪತ್ತು. ಅವತ್ತು ರಾತ್ರಿ ನಾನು ಅವ್ವನಿಗೆ ಕುಡಿಸಿದ್ದು 60 ಕಿಲೋಕ್ಯಾಲೊರಿ.

ಈಗ ನನ್ನ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ದಯವಿಟ್ಟು ಇದನ್ನು ಗಮನ ಕೊಟ್ಟು ಓದಿ.

ಇಂಗ್ಲಿಷಿನಲ್ಲಿ ದೊಡ್ಡ ‘ಸಿ’, ಚಿಕ್ಕ ‘ಸಿ’ ಅಂತ ಒಂದು ದಾರಿಯಾದರೂ ಇದೆ. ಅಲ್ಲೂ ಯಾರೂ ಸರಿಯಾಗಿ ಪಾಲಿಸುವುದಿಲ್ಲ, ಆ ಮಾತು ಬೇರೆ. ಕನ್ನಡದಲ್ಲಿ ಆ ದಾರಿ ಇಲ್ಲವೇ ಇಲ್ಲ. ನಮ್ಮಲ್ಲಿ ಅಲ್ಪಪ್ರಾಣ ಇದೆ, ಮಹಾಪ್ರಾಣ ಇದೆ. ಹ್ರಸ್ವ ಇದೆ, ದೀರ್ಘ ಇದೆ. ಒತ್ತಕ್ಷರ ಇದೆ. ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ಇಂಗ್ಲಿಷಿನ ದೊಡ್ಡ ‘ಸಿ’ ಕನ್ನಡಕ್ಕೆ ಬಂದ ಕೂಡಲೇ ‘ಕ್ಯಾ’ ಆಗುತ್ತದೆ. ಚಿಕ್ಕ ‘ಸಿ’ ಕೂಡ ಅದೇ ‘ಕ್ಯಾ’. ಸಾವಿರ ಪಟ್ಟಿನ ವ್ಯತ್ಯಾಸ ಲಿಪಿ ದಾಟುವಾಗಲೇ ಅಳಿಸಿಹೋಯಿತು. ಬರೆದವರಿಗೂ ಗೊತ್ತಾಗಲ್ಲ, ಓದಿದವರಿಗೂ ಗೊತ್ತಾಗಲ್ಲ.

ಬಾಯಿ ಮಾತಿನಲ್ಲಂತೂ ಕೇಳೋದೇ ಬೇಡ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ರೇಡಿಯೊ ಕೇಂದ್ರ ಶುರು ಮಾಡಿದ ಊರು ಮೈಸೂರು. ಇವತ್ತಿಗೂ ನಮ್ಮ ಕಡೆ ಹಳ್ಳಿಗಳಲ್ಲಿ ಆರೋಗ್ಯದ ಮಾತುಗಳನ್ನು ರೇಡಿಯೊದಲ್ಲಿ ಕೇಳಿಸಿಕೊಂಡು ಪಾಲಿಸುವ ಹಿರಿಯರು ಇದ್ದಾರೆ. ದೊಡ್ಡಕ್ಷರ ಕಿವಿಗೆ ಕೇಳುತ್ತದೆಯೇ? ಕೇಳೋದು ‘ಕಿಲೋ’ ಒಂದೇ.

ಹಾಗಾಗಿ ಇಂಗ್ಲಿಷಿನವರು ಸಡಿಲ ಬಿಟ್ಟರೂ ಕನ್ನಡದವರು ಬಿಡುವ ಹಾಗಿಲ್ಲ. ಅವರಿಗಿಂತ ನಾವೇ ಜಾಸ್ತಿ ಎಚ್ಚರವಾಗಿರಬೇಕು. ಕನ್ನಡದಲ್ಲಿ ಇದನ್ನು ಸರಿಯಾಗಿ ಬರೆಯೋಕೆ ಇರುವ ದಾರಿ ಒಂದೇ, ‘ಕಿಲೋ’ ಬಿಡದೆ ‘ಕಿಲೋಕ್ಯಾಲೊರಿ’ ಅಂತ ಬರೆಯೋದು.

‘ಜನಕ್ಕೆ ಅರ್ಥ ಆಗುತ್ತೆ ಬಿಡಿ ಮೇಡಂ, ಸಂದರ್ಭ ನೋಡಿ ತಿಳ್ಕೋತಾರೆ’ ಅಂತ ಕೆಲವರು ನನಗೆ ಹೇಳಿದರು. ಯಾವ ಜನಕ್ಕೆ? ಬಿಎಸ್ಸಿ ಓದಿದವರಿಗೆ ಅರ್ಥ ಆಗುತ್ತದೆ. ಏನೂ ಓದದವರಿಗೆ ತೊಂದರೆ ಇಲ್ಲ, ಅವರು ಅಂಕಿಯನ್ನು ಅಂಕಿಗೆ ಹೋಲಿಸುತ್ತಾರೆ ಅಷ್ಟೇ. ಏಟು ಬೀಳೋದು ಮಧ್ಯದವರಿಗೆ. ಶಾಲೆಯಲ್ಲಿ ಕಲಿತಿದ್ದನ್ನು ನಂಬಿ, ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಓದಿ ಹೇಳುವ ಮಕ್ಕಳಿಗೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತ್ರೆ ಚೀಟಿ ಓದೋದು ಎಂಟನೇ ಕ್ಲಾಸಿನ ಹುಡುಗ, ಒಂಬತ್ತನೇ ಕ್ಲಾಸಿನ ಹುಡುಗಿ. ಚೆನ್ನಾಗಿ ಪಾಠ ಕಲಿತ ಮಗುವೇ ಇಲ್ಲಿ ಎಡವುತ್ತದೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

‘ಪದ ಉದ್ದ ಆಗುತ್ತೆ, ಹೆಡ್ಡಿಂಗ್‌ನಲ್ಲಿ ಹಿಡಿಸಲ್ಲ’ ಅಂತಲೂ ಹೇಳಿದ್ದಾರೆ. ನಾವು ಕಿ.ಮೀ. ಅಂತ ಬರೆಯುತ್ತೇವೆ. ಕಿ.ಗ್ರಾಂ. ಅಂತ ಬರೆಯುತ್ತೇವೆ. ಕಿ.ಕ್ಯಾ. ಅಂತ ಯಾಕೆ ಬರೆಯಬಾರದು? ಮೈಸೂರಿನಿಂದ ಮಂಡ್ಯಕ್ಕೆ 45 ಮೀಟರ್ ಅಂತ ಯಾವ ಪತ್ರಿಕೆಯೂ ಅಚ್ಚು ಹಾಕಿಲ್ಲ. ಸಂದರ್ಭ ನೋಡಿ ಜನ ತಿಳ್ಕೋತಾರೆ ಅಂತ ಅಲ್ಲಿ ಯಾರೂ ಬಿಡಲಿಲ್ಲ, ಅಲ್ವಾ?

ಒಂದು ವಿಚಿತ್ರ ನೋಡಿ. ಸಂತೆಯಲ್ಲಿ ನಾವು ‘ಒಂದು ಕಿಲೋ ಬೆಲ್ಲ ಕೊಡಪ್ಪ’ ಅನ್ನುತ್ತೇವೆ. ಅಲ್ಲಿ ಗ್ರಾಂ ಬಿಟ್ಟು ಕಿಲೋ ಉಳಿಸಿಕೊಂಡಿದ್ದೇವೆ. ಸಾವಿರ ಅನ್ನೋದು ಮುಖ್ಯ ಅಂತ ನಮ್ಮ ಜನಕ್ಕೆ ಗೊತ್ತಿತ್ತು. ಅದೇ ಬೆಲ್ಲದ ಶಕ್ತಿ ಹೇಳುವಾಗ ಕಿಲೋ ಬಿಟ್ಟು ಕ್ಯಾಲೊರಿ ಮಾತ್ರ ಉಳಿಸಿಕೊಂಡೆವು.

ಬೆಲ್ಲದ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ನಮ್ಮಪ್ಪ ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಯುತ್ತಿರುತ್ತದೆ, ಮೇಲೆ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಒಂದೇ ಕಬ್ಬಿನ ಒಂದು ಭಾಗ ಸೌದೆ, ಇನ್ನೊಂದು ಭಾಗ ಊಟ. ಎರಡರ ಶಕ್ತಿಯನ್ನೂ ಒಂದೇ ಅಳತೆಯಲ್ಲಿ ಹೇಳಬಹುದು ಅನ್ನೋದು ನನಗೆ ವಿಜ್ಞಾನದಲ್ಲಿ ತುಂಬಾ ಇಷ್ಟವಾದ ಮಾತು. ಮಕ್ಕಳಿಗೂ ಇಷ್ಟವಾಗುತ್ತದೆ. ಆದರೆ ಸೌದೆಯ ಕಡೆಯವರು ಕಿಲೋ ಬಿಡೋದಿಲ್ಲ. ನಮ್ಮ ದೇಶದಲ್ಲಿ ಕಲ್ಲಿದ್ದಲಿಗೆ ಜಿ1ರಿಂದ ಜಿ17ರವರೆಗೆ ದರ್ಜೆ ಇದೆ. ಜಿ1 ಅಂದರೆ ಕಿಲೋಗೆ 7000 ಕಿಲೋಕ್ಯಾಲೊರಿಗಿಂತ ಜಾಸ್ತಿ. ಅಲ್ಲಿ ದುಡ್ಡಿನ ವ್ಯವಹಾರ ಇದೆ, ಅದಕ್ಕೆ ಒಂದಕ್ಷರವೂ ಜಾರೋದಿಲ್ಲ. ಊಟದಲ್ಲಿ ಜೀವದ ವ್ಯವಹಾರ ಇದೆ.

ಕ್ಯಾಲೊರಿಗೆ ಇನ್ನೂ ಕೆಲವು ಅರ್ಥಗಳಿವೆ, ಅವನ್ನೂ ಹೇಳಿಬಿಡುತ್ತೇನೆ. ನೀರು ಯಾವ ತಾಪದಲ್ಲಿದೆ ಅನ್ನುವುದರ ಮೇಲೆ ಅದನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖ ಒಂದು ಚೂರು ಬದಲಾಗುತ್ತದೆ. ಹಾಗಾಗಿ 15 ಡಿಗ್ರಿಯ ಕ್ಯಾಲೊರಿ ಬೇರೆ, 20 ಡಿಗ್ರಿಯದು ಬೇರೆ. ಜೂಲ್ ಅನ್ನೋದು ಶಕ್ತಿಯ ಇನ್ನೊಂದು ಅಳತೆ. ರಸಾಯನ ವಿಜ್ಞಾನದವರು ಒಂದು ಕ್ಯಾಲೊರಿ ಅಂದರೆ 4.184 ಜೂಲ್ ಅಂತ ನಿಗದಿ ಮಾಡಿಕೊಂಡಿದ್ದಾರೆ. ಹಬೆಯ ಶಾಖದ ಕೋಷ್ಟಕ ಬಳಸುವ ಎಂಜಿನಿಯರುಗಳದು 4.1868. ಇದೆಲ್ಲ ದಶಾಂಶದ ಆಚೆಗಿನ ಜಗಳ. ಡಯಟ್ ಚಾರ್ಟಿಗೆ ಇದರಿಂದ ಏನೂ ಆಗಲ್ಲ. ಪುಸ್ತಕದಲ್ಲಿ 4.18 ಅಂತಲೋ 4.2 ಅಂತಲೋ ಬರೆದರೂ ನನ್ನ ತಕರಾರಿಲ್ಲ. ನನ್ನ ತಕರಾರು ಆ ಸಾವಿರದ ಬಗ್ಗೆ ಮಾತ್ರ.

ಕ್ಯಾಲೊರಿ ಬಿಟ್ಟು ಜೂಲ್ ಹಿಡಿಯಿರಿ ಅಂತ 1948ರಲ್ಲೇ ಅಂತರರಾಷ್ಟ್ರೀಯ ಅಳತೆಗಳ ಸಮ್ಮೇಳನ ಹೇಳಿಯಾಗಿದೆ. ಆಸ್ಟ್ರೇಲಿಯಾದ ಪ್ಯಾಕೆಟ್‌ಗಳಲ್ಲಿ ಕಿಲೋಜೂಲ್ ಇರುತ್ತದೆ. ಯುರೋಪಿನಲ್ಲಿ ಎರಡೂ ಇರುತ್ತವೆ. ನಮ್ಮ ಜನ ಕ್ಯಾಲೊರಿಗೆ ಒಗ್ಗಿದ್ದಾರೆ. ಅದನ್ನು ಈಗ ಕಿತ್ತು ಹಾಕಿ ಅಂತ ನಾನು ಕೇಳುತ್ತಿಲ್ಲ.

ಆದರೆ ಜೂಲ್‌ನಿಂದ ನನಗೆ ಒಂದು ಉಪಕಾರ ಆಯಿತು. ಅವ್ವನಿಗೆ ಅರ್ಥ ಮಾಡಿಸೋಕೆ ಆಗಿದ್ದು ಅದರಿಂದಲೇ. ಗ್ರಾಂ ನೀರು, ಡಿಗ್ರಿ ಅಂತ ಹೇಳಿದರೆ ಅವರಿಗೆ ಹತ್ತಲಿಲ್ಲ. ಕರೆಂಟ್ ಬಿಲ್ ತೋರಿಸಿದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಸೀಮೆ ನಮ್ಮದು. ಯೂನಿಟ್ ಅಂದರೆ ಇಲ್ಲಿ ಯಾರಿಗೂ ಪಾಠ ಬೇಡ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಊಟದ ಲೆಕ್ಕದಲ್ಲಿ ಅದು ಸುಮಾರು 860 ಕಿಲೋಕ್ಯಾಲೊರಿ. “ಅವ್ವ, ಡಾಕ್ಟ್ರು ನಿಂಗೆ ಹೇಳಿರೋದು ದಿನಕ್ಕೆ ಒಂದೂಮುಕ್ಕಾಲು ಯೂನಿಟ್ ಊಟ” ಅಂದೆ. ಅವರಿಗೆ ಥಟ್ಟನೆ ಅರ್ಥ ಆಯಿತು. “ಕಿಲೋ ಇಲ್ದಿದ್ರೆ?” ಅಂತ ಕೇಳಿದರು. ಮಗ ಲೆಕ್ಕ ಹಾಕಿದ. ಬರೀ 1500 ಕ್ಯಾಲೊರಿ ಅಂದರೆ ಈ ಅಡುಗೆಮನೆಯ 10 ವ್ಯಾಟ್ ಎಲ್‌ಇಡಿ ಬಲ್ಬು ಹತ್ತು ನಿಮಿಷ ಉರಿಯುವಷ್ಟು. ಅವ್ವ ಬಲ್ಬಿನ ಕಡೆ ನೋಡಿ, “ಅಷ್ಟ್ರಲ್ಲಿ ಮನ್ಸ ಬದುಕ್ತಾನಾ?” ಅಂದರು.

ಈಗ ಒಬ್ಬೊಬ್ಬರಿಗೂ ನನ್ನ ಕೋರಿಕೆ.

ಪುಸ್ತಕ ಬರೆಯುವವರೇ, ಕ್ಯಾಲೊರಿಯ ವ್ಯಾಖ್ಯೆ ಬರುವ ಕಡೆ ಇನ್ನೊಂದು ಸಾಲು ಸೇರಿಸಿ. ‘ಊಟ, ತಿಂಡಿಯ ವಿಷಯದಲ್ಲಿ ಜನ ಕ್ಯಾಲೊರಿ ಎನ್ನುವುದು ಇದರ ಸಾವಿರ ಪಟ್ಟು, ಅಂದರೆ ಕಿಲೋಕ್ಯಾಲೊರಿ.’ ಇಷ್ಟು ಸಾಕು. ಕಡ್ಲೆಕಾಯಿ ಬೀಜದ ಪ್ರಯೋಗವನ್ನೂ ಸೇರಿಸಿದರೆ ಇನ್ನೂ ಸಂತೋಷ. ಅದಕ್ಕೆ ಖರ್ಚೇ ಇಲ್ಲ, ಮಕ್ಕಳು ಜೀವಮಾನ ಮರೆಯಲ್ಲ. ನನ್ನ ನೋಟ್ಸಿನಲ್ಲಿ ಆ ಸಾಲನ್ನು ನಾನು ಈಗಾಗಲೇ ಸೇರಿಸಿದ್ದೇನೆ. ಇಷ್ಟು ವರ್ಷ ಸೇರಿಸದೇ ಇದ್ದಿದ್ದು ನನ್ನ ತಪ್ಪು.

ಪತ್ರಿಕೆಯವರೇ, ನೀವು ಒಂದೇ ದಿನದಲ್ಲಿ ಬದಲಾಯಿಸಬಹುದು. ನಿಮ್ಮಲ್ಲಿ ಪದಗಳ ಕಾಗುಣಿತಕ್ಕೆ ಒಂದು ಪಟ್ಟಿ ಇರುತ್ತದೆ. ಕ್ಯಾಲರಿ, ಕ್ಯಾಲೋರಿ, ಕ್ಯಾಲೊರಿ ಅಂತ ಒಂದೊಂದು ಪುಟದಲ್ಲಿ ಒಂದೊಂದು ಥರ ಬರುತ್ತಿದೆ. ಅದನ್ನು ಸರಿ ಮಾಡುವಾಗಲೇ ಮುಂದೆ ‘ಕಿಲೋ’ ಸೇರಿಸಿಬಿಡಿ. ನಿಮ್ಮ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ ಇವೆ.

ಆಸ್ಪತ್ರೆಯವರೇ, ನಿಮ್ಮ ಹಾಳೆ ಎಲ್ಲಕ್ಕಿಂತ ಮುಖ್ಯ. ಪೇಪರನ್ನು ಓದಿ ಮರೆಯುತ್ತಾರೆ, ನಿಮ್ಮ ಹಾಳೆಯನ್ನು ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ರೋಗಿ ಅದನ್ನು ಮನೆಯಲ್ಲಿ ಪ್ಯಾಕೆಟ್ ಪಕ್ಕ ಇಟ್ಟುಕೊಂಡು ಹೋಲಿಸಿ ನೋಡುತ್ತಾರೆ ಅನ್ನೋದು ನೆನಪಿರಲಿ. ಪ್ಯಾಕೆಟ್ ಮೇಲೆ ಯಾವ ಪದ ಇದೆಯೋ ಅದೇ ಪದ ಹಾಳೆಯಲ್ಲೂ ಇರಲಿ. ಆದರೆ ಅಂಕಿಗಿಂತ ಮೊದಲು ಮುದ್ದೆಯ ಅಳತೆ ಬರೆಯಿರಿ. ಎಷ್ಟು ಹಿಟ್ಟಿನ ಮುದ್ದೆ, ಎಷ್ಟು ಲೋಟ ಮಜ್ಜಿಗೆ, ಎಷ್ಟು ಚಪಾತಿ. ಜೊತೆಗೆ, ‘ಮಾತ್ರೆ ತಗೊಳ್ಳುವಾಗ ಊಟ ಬಿಡಬೇಡಿ’ ಅನ್ನೋ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿ.

ಪ್ಯಾಕೆಟ್ ಮಾಡುವವರೇ, ದೊಡ್ಡ ಕಂಪನಿಗಳ ಮಾತು ಹಾಗಿರಲಿ. ನಮ್ಮ ಮಂಡ್ಯ ಮೈಸೂರು ಸೀಮೆಯಲ್ಲಿ ಹುರಿಹಿಟ್ಟು, ಬೆಲ್ಲದ ಪುಡಿ, ಚಕ್ಕುಲಿ, ರಾಗಿ ಮಾಲ್ಟ್ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘಗಳಿವೆ. ಅವರಿಗೆ ಲೇಬಲ್ ಬರೆದುಕೊಡುವವರು ಇಂಗ್ಲಿಷಿನ ‘ಕೆಕ್ಯಾಲ್’ ಅನ್ನು ಕನ್ನಡಕ್ಕೆ ತರುವಾಗ ‘ಕ್ಯಾಲೊರಿ’ ಅಂತ ಚಿಕ್ಕದು ಮಾಡಬೇಡಿ. ನಮ್ಮ ಮೈಸೂರಿನಲ್ಲೇ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ, ಚೆಲುವಾಂಬ ಅರಮನೆಯಲ್ಲಿ. ಸೈನಿಕರ ಊಟದ ಬಗ್ಗೆ ಕೆಲಸ ಮಾಡೋಕೆ ರಕ್ಷಣಾ ಆಹಾರ ಸಂಶೋಧನಾಲಯ 1961ರಲ್ಲಿ ಶುರುವಾಗಿದ್ದೂ ಇದೇ ಊರಲ್ಲಿ. ದೇಶಕ್ಕೆಲ್ಲ ಊಟದ ವಿಜ್ಞಾನ ಹೇಳಿಕೊಡುವ ಊರು ಇದು. ಊಟದ ಶಕ್ತಿಯನ್ನು ಕನ್ನಡದಲ್ಲಿ ಸರಿಯಾಗಿ ಬರೆಯುವ ಪದ್ಧತಿಯೂ ಇಲ್ಲಿಂದಲೇ ಶುರುವಾಗಲಿ ಅಂತ ನನ್ನ ಆಸೆ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡಿ ಫೋನಿನಲ್ಲಿ ‘ಇವತ್ತು 150 ಕ್ಯಾಲೊರಿ ಕರಗಿತು’ ಅಂತ ನೋಡಿಕೊಳ್ಳುವವರಿಗೂ ಒಂದು ಮಾತು. ಅದೂ ಕಿಲೋಕ್ಯಾಲೊರಿಯೇ. ನೀವು ಅಂದುಕೊಂಡಿದ್ದಕ್ಕಿಂತ ಸಾವಿರ ಪಟ್ಟು ಜಾಸ್ತಿ ಕೆಲಸವನ್ನು ನಿಮ್ಮ ಕಾಲು ಮಾಡಿದೆ.

ಅವ್ವ ಈಗ ಚೆನ್ನಾಗಿದ್ದಾರೆ. ರಾತ್ರಿ ಮುದ್ದೆ ಮತ್ತೆ ಶುರುವಾಗಿದೆ. ಗೋಡೆ ಮೇಲಿನ ಹಾಳೆಯನ್ನು ತೆಗೆಯೋಕೆ ಅವರು ಬಿಡಲಿಲ್ಲ. ಮಗ ಸ್ಟೂಲ್ ಹಾಕಿಕೊಂಡು ಹತ್ತಿ, ಅದರಲ್ಲಿ ‘ಕ್ಯಾಲೊರಿ’ ಇರುವ ಏಳು ಕಡೆಯೂ ನೀಲಿ ಪೆನ್ನಿನಲ್ಲಿ ‘ಕಿಲೋ’ ಅಂತ ಮುಂದೆ ಸೇರಿಸಿದ್ದಾನೆ. ಜಾಗ ಸಾಲದ ಎರಡು ಕಡೆ ‘ಕಿ.’ ಅಂತ ಮಾತ್ರ ಬರೆದಿದ್ದಾನೆ. ಆ ಹಾಳೆಯ ಫೋಟೊ ಈ ಪತ್ರದ ಜೊತೆ ಇಟ್ಟಿದ್ದೇನೆ. ಹೊಸದು ಅಚ್ಚು ಹಾಕಿಸುವಾಗ ನೋಡಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲು ವಿಜ್ಞಾನ ಶಿಕ್ಷಕಿ, ಮಂಡ್ಯ